ಎಲ್ಲೂರಿನ ಮದಗದ ಬಳಿ ಕೇಳಿದ ವಿಸಿಲ್

ನಾವು ಹಕ್ಕಿ ನೋಡಲು ಹೋಗುವ ದಿನವನ್ನು ಗೊತ್ತುಮಾಡಿದ್ದು ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ, ಮಧ್ಯಾಹ್ನದ ಟ್ರಿಪ್ಪಿನ ಹನ್ನೆರಡು ನಿಮಿಷದ ಬಿಡುವಿನಲ್ಲಿ. ಅದೊಂದು ಬುಧವಾರ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಮಳೆ ಬಿಟ್ಟು, ಬೆಳಿಗ್ಗೆ ಸ್ಟೇರಿಂಗ್ ಮುಟ್ಟಿದರೆ ಕೈಗೆ ತಣ್ಣಗಾಗುವ ದಿನಗಳು. ನಾನು ಉಡುಪಿಯಿಂದ ಕಾಪು ಮಾರ್ಗವಾಗಿ ಕಾರ್ಕಳಕ್ಕೆ ಓಡುವ ಒಂದು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದೆ. ಶೇಖರ ಅದೇ ಬಸ್ಸಿನ ಕಂಡಕ್ಟರ್. ನನ್ನ ಹೆಂಡತಿ ಸುಮತಿಯ ತಮ್ಮ. ಮದುವೆಯಾಗಿರಲಿಲ್ಲ, ಉಡುಪಿಯ ಕಡಿಯಾಳಿಯಲ್ಲಿದ್ದ ನಮ್ಮ ಬಾಡಿಗೆ ಮನೆಯಲ್ಲೇ ಇದ್ದ. ಒಂಬತ್ತು ವರ್ಷ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ದುಡಿದೆವು. ಆ ಬುಧವಾರ ಬುತ್ತಿಯಲ್ಲಿ ಬಸಳೆ ಸಾರು ಇತ್ತು ಎಂಬುದು ಕೂಡ ನನಗೆ ನೆನಪಿದೆ. ಅದರ ನಂತರದ ಊಟಗಳು ಯಾವುವೂ ಹಾಗೆ ನೆನಪಿನಲ್ಲಿ ಉಳಿಯಲಿಲ್ಲ.

ಇದನ್ನು ಯಾರಾದರೂ ನಂಬಲಿ ಎಂದು ನಾನು ಬರೆಯುತ್ತಿಲ್ಲ. ನಾನೇ ಇಂಥದ್ದನ್ನು ನಂಬಿದವನಲ್ಲ. ಬಸ್ಸಿನವರಲ್ಲಿ ಈ ಬಗೆಯ ಕತೆಗಳು ಬೇಕಾದಷ್ಟು. ಒಬ್ಬನಿಗೆ ಘಾಟಿಯ ತಿರುವಿನಲ್ಲಿ ಕೈ ತೋರಿಸಿದ ಹೆಂಗಸು, ಇನ್ನೊಬ್ಬನಿಗೆ ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೆಮ್ಮಿದ ಮುದುಕ. ನಾನು ನಗುತ್ತಿದ್ದೆ. ಶೇಖರ ಇನ್ನೂ ಒಂದು ಹೆಜ್ಜೆ ಮುಂದೆ. "ಮುದುಕ ಎಲ್ಲಿ ಇಳಿದ ಅಂತ ಕೇಳಲಿಲ್ಲವಾ ನೀನು? ಹಾಫ್ ಟಿಕೇಟಾದರೂ ಹರಿಯಬೇಕಿತ್ತು ಮಾರಾಯ" ಎಂದು ಕತೆ ಹೇಳಿದವನನ್ನೇ ಕೇಳಿ ಅವನ ಮುಖ ಕೆಂಪಾಗಿಸುತ್ತಿದ್ದ. ಹಾಗೆ ನಕ್ಕ ನಾನೇ ಈಗ ಬರೆಯಲು ಕೂತಿದ್ದೇನೆ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಶೇಖರನಿಗೆ ಹಕ್ಕಿಯ ಹುಚ್ಚು ಹತ್ತಿಸಿದ್ದು ಮಣಿಪಾಲದ ಒಬ್ಬರು ನಿವೃತ್ತ ಮಾಸ್ಟ್ರು. ಭಾನುವಾರ ಬೆಳಿಗ್ಗೆ ಕಾಪುವಿನ ಕಡಲ ಬದಿಗೆ ಹೋಗಲು ನಮ್ಮ ಬಸ್ಸಿಗೆ ಬರುತ್ತಿದ್ದರು. ಕುತ್ತಿಗೆಯಲ್ಲಿ ಬೈನಾಕ್ಯುಲರ್. ಶೇಖರ ಒಂದು ದಿನ ಅದನ್ನು ಕೇಳಿ ನೋಡಿದ, ಅಲ್ಲಿಂದ ಶುರು. ಆಮೇಲೆ ಫುಟ್‌ಬೋರ್ಡಿನಲ್ಲಿ ನಿಂತು ಕರೆಂಟ್ ತಂತಿಯ ಮೇಲೆ ಕೂತದ್ದಕ್ಕೆಲ್ಲ ಹೆಸರು ಹೇಳತೊಡಗಿದ. "ಕಂಡಕ್ಟ್ರೇ, ಹಕ್ಕಿಗೆ ಇಳಿಯಲಿಕ್ಕಿಲ್ಲ, ನನಗೆ ಇಳಿಯಲಿಕ್ಕುಂಟು" ಎಂದು ಮೀನು ಮಾರುವ ಹೆಂಗಸರು ಅವನನ್ನು ಗೇಲಿ ಮಾಡುತ್ತಿದ್ದರು. ನನಗೆ ಹಕ್ಕಿಯ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಡ್ರೈವರನಿಗೆ ಮುಂದಿನ ರಸ್ತೆ ಕಂಡರೆ ಸಾಕು.

ನಮ್ಮ ಕೆಲಸದಲ್ಲಿ ವಾರದ ರಜೆ ಎಂಬುದಿಲ್ಲ. ಬಸ್ಸು ನಿಂತರೆ ರಜೆ. ಆ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸುವ ಮೊದಲು ಪೈಂಟಿಂಗಿಗೆಂದು ಬಸ್ಸನ್ನು ನಾಲ್ಕು ದಿನ ಗ್ಯಾರೇಜಿಗೆ ಬಿಡುವುದೆಂದು ಮಾಲಿಕರು ಹೇಳಿದ್ದರು. ಅದಕ್ಕೆ ಇನ್ನೂ ಮೂರು ವಾರ ಇತ್ತು. ಶೇಖರ ಆ ಸುದ್ದಿ ಕೇಳಿದ ಕೂಡಲೇ ಹಳೆಯ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಬರೆಯಲು ಕೂತ. ಹಕ್ಕಿ ನೋಡುವ ತಿರುಗಾಟಕ್ಕೂ ಅವನು ಬಸ್ಸಿನ ಟೈಮಿಂಗ್ ಹಾಕಿದ್ದ. 5.15 ಉಡುಪಿ. 5.40 ಕಾಪು. 5.52 ಉಚ್ಚಿಲ, ಇಳಿಯುವುದು. ಅಲ್ಲಿಂದ ಒಳಗೆ ಎಲ್ಲೂರಿನ ಕಡೆಗೆ ನಡಿಗೆ. 6.30 ಮದಗ. ಗದ್ದೆಗೆ ನೀರು ಬಿಡಲು ಹಿಂದಿನವರು ಮಾಡಿಸಿದ ಕೆರೆಯನ್ನು ನಮ್ಮಲ್ಲಿ ಮದಗ ಎನ್ನುತ್ತಾರೆ. 6.30ರಿಂದ 7.10, ಮಾತಿಲ್ಲ. 7.10 ರೈಟ್. ಆಮೇಲೆ ಇಡ್ಲಿ, ಆಮೇಲೆ ಕಾರ್ಕಳದ ಕೆರೆ, ಸಂಜೆಗೆ ಕಾಪುವಿನ ಕಡಲ ಬದಿ. ಬೈನಾಕ್ಯುಲರ್: ಮಾಸ್ಟ್ರಿಂದ ಹಿಂದಿನ ದಿನ. ಇಡ್ಲಿ: ಅಕ್ಕ. ಭಾವ: ಬೀಡಿ ಇಲ್ಲ.

ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಎಂತ ಮಾರಾಯ, ಹಕ್ಕಿಗೆ ಬೀಡಿ ವಾಸನೆ ಗೊತ್ತಾಗ್ತದಾ?" ಎಂದೆ.

"ಹಕ್ಕಿಗೆ ಗೊತ್ತಾಗುವುದಿಲ್ಲ ಭಾವ. ನನಗೆ ಗೊತ್ತಾಗ್ತದೆ. ಒಂಬತ್ತು ವರ್ಷದಿಂದ ನಿಮ್ಮ ಹೊಗೆ ಕುಡಿಯುತ್ತಾ ಇದ್ದೇನೆ."

"ಹಾಗಾದರೆ ನಾನೆಂತಕ್ಕೆ ಬರುವುದು? ನೀನೇ ಹೋಗಿ ನೋಡು."

"ಅಲ್ಲಿ ಒಂದು ಹಕ್ಕಿ ಉಂಟು, ತಾವರೆ ಎಲೆ ಮೇಲೆ ನಡೆದುಕೊಂಡು ಹೋಗ್ತದೆ. ಎಲೆ ಮುಳುಗುವುದಿಲ್ಲ. ನೀವು ಇಷ್ಟು ವರ್ಷ ಬಸ್ ಬಿಟ್ಟಿದ್ದೀರಲ್ಲ, ಅದು ಹೇಗೆ ಕಾಲಿಡ್ತದೆ ಅಂತ ನೀವು ನೋಡಬೇಕು."

ಆಗ ಟೈಮ್ ಆಯಿತೆಂದು ಏಜೆಂಟ್ ಕೂಗಿದ. ನಾನು ಸೀಟಿಗೆ ಹತ್ತಿದೆ. ಹಿಂದಿನಿಂದ ರೈಟ್ ಬಂತು. ಹೊರಟೆವು. ಆ ದಿನ ಅಷ್ಟೇ.

ಇಲ್ಲಿ ವಿಸಿಲಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆಯ ಬಸ್ಸುಗಳಲ್ಲಿ ಕಂಡಕ್ಟರ್ ವಿಸಿಲ್ ಊದುತ್ತಾನೆ. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ರೈಟ್, ಹೊರಡು. ಡ್ರೈವರ್ ಹಿಂದೆ ತಿರುಗಿ ನೋಡುವುದಿಲ್ಲ. ಹತ್ತುವವರು ಹತ್ತಿದರೇ, ಇಳಿಯುವವರ ಕಾಲು ನೆಲ ಮುಟ್ಟಿತೇ ಎಂದು ನೋಡುವುದು ಕಂಡಕ್ಟರನ ಕೆಲಸ. ಅವನ ಎರಡು ವಿಸಿಲ್ ಕಿವಿಗೆ ಬಿದ್ದರೆ ನಮ್ಮ ಕಾಲು ತಾನಾಗಿಯೇ ಕ್ಲಚ್ ಬಿಡುತ್ತದೆ. ಒಂಬತ್ತು ವರ್ಷದಲ್ಲಿ ಶೇಖರನ ವಿಸಿಲ್ ನನಗೆ ಅವನ ದನಿಗಿಂತ ಹೆಚ್ಚು ಗುರುತಾಗಿತ್ತು. ಅವನು ವಿಸಿಲಿನ ಒಳಗಿನ ಗುಂಡನ್ನು ತೆಗೆದುಬಿಟ್ಟಿದ್ದ. ಅದರಿಂದ ಗಿರಗಿರ ಎನ್ನದೆ, ನೇರವಾದ ಒಂದು ತೆಳು ಸದ್ದು ಬರುತ್ತಿತ್ತು. ಮೊದಲನೆಯದು ಗಿಡ್ಡ, ಎರಡನೆಯದು ಉದ್ದ, ಕೊನೆಯಲ್ಲಿ ನಾಲಿಗೆಯಿಂದ ಕತ್ತರಿಸಿದ ಹಾಗೆ.

ಮರುದಿನ, ಗುರುವಾರ ಸಂಜೆ, ಕಾಪುವಿನಲ್ಲಿ ನಿಲ್ಲಿಸಿದ್ದೆ. ಒಬ್ಬ ಅಜ್ಜಿಯ ತೆಂಗಿನಕಾಯಿ ಗೋಣಿ ಮೇಲೆ ಕ್ಯಾರಿಯರಿನಲ್ಲಿತ್ತು. "ಲಗೇಜ್" ಎಂದು ಶೇಖರ ಬಸ್ಸಿನ ಮೈಗೆ ಎರಡು ಸಲ ಬಡಿದು, ಹಿಂದಿನ ಏಣಿ ಹತ್ತಿದ. ಅಷ್ಟರಲ್ಲಿ ನಮ್ಮ ಹಿಂದಿನ ಟೈಮಿಂಗಿನ ಬಸ್ಸು ಬಂದು ಬಲಬದಿಗೆ, ಒಂದು ಮೊಳ ಅಂತರದಲ್ಲಿ ನಿಂತಿತು. ಪ್ರಯಾಣಿಕರಿಗಾಗಿ ದಿನಾ ನಡೆಯುವ ಜಗಳ ಅದು. ನಾನು ಬಲಗಡೆಯ ಕನ್ನಡಿಯನ್ನೇ ನೋಡುತ್ತಿದ್ದೆ. ಎರಡು ವಿಸಿಲ್ ಕೇಳಿತು. ಬಸ್ಸು ಬಿಟ್ಟೆ. ಎರಡು ಮಾರು ಹೋಗಿರಬಹುದು. ಹಿಂದಿನ ಸೀಟಿನವರು ಕೂಗಿದರು.

ಶೇಖರ ಏಣಿಯಿಂದ ಹಿಮ್ಮುಖವಾಗಿ ಬಿದ್ದಿದ್ದ. ಗೋಣಿ ಅವನ ಮೇಲೆ. ಮಣಿಪಾಲದ ಆಸ್ಪತ್ರೆಗೆ ಒಯ್ದೆವು. ಮೂರನೆಯ ದಿನ ತೀರಿಕೊಂಡ. ಮಾತು ಬರಲೇ ಇಲ್ಲ.

ಪೊಲೀಸರು ಹೇಳಿಕೆ ತೆಗೆದುಕೊಂಡರು. ಕಂಡಕ್ಟರ್ ವಿಸಿಲ್ ಕೊಟ್ಟ ಎಂದು ಕೆಲವು ಪ್ರಯಾಣಿಕರು, ಕೊಡಲಿಲ್ಲ ಎಂದು ಕೆಲವರು. ಪಕ್ಕದ ಬಸ್ಸಿನ ಕಂಡಕ್ಟರ್, ತಾನು ಆಗ ತನ್ನ ಬಸ್ಸಿಗೆ ರೈಟ್ ಕೊಟ್ಟದ್ದು ಹೌದು ಎಂದ. ನಾನು ಮಾತ್ರ ಗಟ್ಟಿಯಾಗಿ ಹೇಳಿದೆ, ನನಗೆ ಕೇಳಿದ್ದು ಶೇಖರನ ವಿಸಿಲ್ ಎಂದು. ಅದು ಆಗಬಹುದಾದದ್ದೇ ಆಗಿತ್ತು. ಏಣಿಯ ಕೊನೆಯ ಮೆಟ್ಟಿಲಲ್ಲಿ ಇರುವಾಗಲೇ ರೈಟ್ ಕೊಟ್ಟು, ಓಡಿ ಬಂದು ಬಾಗಿಲು ಹಿಡಿಯುವ ಕೆಟ್ಟ ಅಭ್ಯಾಸ ಅವನಿಗಿತ್ತು. ನಾನು ಎಷ್ಟೋ ಸಲ ಕಂಡಿದ್ದೆ, ಒಂದು ದಿನವೂ ಬೈದಿರಲಿಲ್ಲ. ಹೀಗೆ ಮಾಡಿದರೆ ಒಂದು ನಿಮಿಷ ಉಳಿಯುತ್ತಿತ್ತು.

ಸುಮತಿ ನನ್ನನ್ನು ಒಮ್ಮೆ ಮಾತ್ರ ಕೇಳಿದಳು. ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ, ಪಾತ್ರೆ ತೊಳೆಯುತ್ತ, ನನ್ನ ಕಡೆಗೆ ತಿರುಗದೆ. "ಅವನೇ ರೈಟ್ ಕೊಟ್ಟದ್ದಲ್ವಾ?"

"ಹೌದು" ಎಂದೆ.

ಅವಳು ಮತ್ತೆ ಕೇಳಲಿಲ್ಲ. ಆ ಒಂದು ಮಾತಿನ ಮೇಲೆ ನಮ್ಮ ಸಂಸಾರ ನಿಂತಿತು ಎಂದು ನನಗೆ ಗೊತ್ತು. ಆದರೆ ಹೇಳಿದ ಆ ಕ್ಷಣದಲ್ಲೇ ನನ್ನ ಒಳಗೆ ಏನೋ ಅಲುಗಿತ್ತು. ಒಂದು ಮೊಳ ದೂರದಲ್ಲಿ ಇನ್ನೊಂದು ಬಸ್ಸು, ಎರಡು ಇಂಜಿನ್, ಹೈವೇ. ನಿಜವಾಗಿ ನಾನು ಕೇಳಿದ್ದು ಯಾರದ್ದು?

ಪೊಲೀಸ್ ಠಾಣೆಯಿಂದ ಅವನ ಚರ್ಮದ ಚೀಲ ಹಿಂದೆ ಬಂದಾಗ ಆ ಟ್ರಿಪ್ ಶೀಟ್ ಅದರಲ್ಲಿತ್ತು. ಸುಮತಿ ಅದನ್ನು ಓದಿ, ದೇವರ ಪಟದ ಕೆಳಗೆ ಇಟ್ಟಳು. ಎರಡು ದಿನ ಬಿಟ್ಟು ಹೇಳಿದಳು, "ನಾಡಿದ್ದು ಸೋಮವಾರ ಅಲ್ವಾ ಇದರಲ್ಲಿ ಬರೆದದ್ದು. ನೀವು ಹೋಗಿ ಬನ್ನಿ." ಬಸ್ಸು ಇನ್ನೂ ಠಾಣೆಯ ಅಂಗಳದಲ್ಲೇ ಇತ್ತು. ನನ್ನ ಲೈಸೆನ್ಸ್ ಕೂಡ ಅಲ್ಲೇ. ನಾನು ಮನೆಯಲ್ಲಿ ಗೋಡೆ ನೋಡಿಕೊಂಡಿದ್ದೆ. ಹಕ್ಕಿ ನೋಡುವ ಮನಸ್ಸು ಯಾರಿಗಿತ್ತು? ಬೇಡ ಎಂದೆ. "ಅವನು ಬರೆದಿಟ್ಟದ್ದು ಇದೊಂದಾದರೂ ಆಗಲಿ" ಎಂದಳು. ಹಾಗೆ ಹೇಳಿದ ಮೇಲೆ ಪಟದ ಕೆಳಗಿನಿಂದ ಶೀಟನ್ನು ತೆಗೆದುಕೊಂಡೆ.

ಭಾನುವಾರ ಮಣಿಪಾಲಕ್ಕೆ ಹೋಗಿ ಮಾಸ್ಟ್ರನ್ನು ಕಂಡೆ. ಅವರಿಗೆ ಮೊಣಕಾಲು ನೋವು, ಹೊರಗೆ ಹೋಗದೆ ತಿಂಗಳಾಗಿತ್ತು. ಬೈನಾಕ್ಯುಲರನ್ನು ನನ್ನ ಕುತ್ತಿಗೆಗೆ ಅವರೇ ಹಾಕಿ, ಪಟ್ಟಿ ಸರಿಮಾಡಿದರು. "ಕೂತಲ್ಲಿಂದ ಅಲ್ಲಾಡಬೇಡಿ. ನೀವು ಇಲ್ಲ ಅಂತ ಹಕ್ಕಿಗೆ ಅನ್ನಿಸಬೇಕು" ಎಂದರು.

ಸೋಮವಾರ ಸುಮತಿ ಇಬ್ಬರಿಗಾಗುವಷ್ಟು ಇಡ್ಲಿ ಕಟ್ಟಿಕೊಟ್ಟಳು. ನಾನು ಎಷ್ಟೋ ವರ್ಷಗಳ ನಂತರ ಪ್ರಯಾಣಿಕನಾಗಿ ಬಸ್ಸಿನಲ್ಲಿ ಕೂತೆ. ಬೇರೆಯವರ ಬಸ್ಸು, ಬೇರೆಯವರ ವಿಸಿಲ್. ಒಂದೊಂದು ಸಲ ಊದಿದಾಗಲೂ ನನ್ನ ಎಡಗಾಲು ನೆಲವನ್ನು ಒತ್ತುತ್ತಿತ್ತು. ಕಾಪು ಬಂದಾಗ ಕಣ್ಣು ಮುಚ್ಚಿಕೊಂಡೆ. ಉಚ್ಚಿಲದಲ್ಲಿ ಇಳಿದು, ಮೀನು ಲಾರಿಗಳ ಪಕ್ಕ ದಾಟಿ, ಒಳರಸ್ತೆ ಹಿಡಿದೆ. ಎಲ್ಲೂರು ದೇವಸ್ಥಾನಕ್ಕೆ ಹೋಗುವ ದಾರಿ ಗೊತ್ತಿತ್ತು. ಮದಗ ಅದರಿಂದ ಬಹಳ ಇತ್ತಲಾಗಿ, ಗದ್ದೆಯ ಅಂಚಿನ ಹುಣಿಯ ಮೇಲೆ ಕಾಲು ಮೈಲಿ ನಡೆದು ಸಿಗುವಂಥದ್ದು. ಶೇಖರ ಒಂದು ಗೆರೆ ಎಳೆದು, ಗೋಳಿಮರ, ಪಂಪ್‌ಶೆಡ್ಡು ಎಂದೆಲ್ಲ ಗುರುತು ಹಾಕಿದ್ದ. ತಪ್ಪುವ ಹಾಗೇ ಇರಲಿಲ್ಲ.

ನಾನು ತಲುಪಿದಾಗ ಬೆಳಕು ಸರಿಯಾಗಿ ಬಿಟ್ಟಿರಲಿಲ್ಲ. ನೀರಿನ ಮೇಲೆ ಮಂಜು ಇತ್ತು. ದಂಡೆಯ ಮೇಲೆ ಕೆಂಪು ಕಲ್ಲಿನ ಒಂದು ಕಟ್ಟೆ. ಅದರ ಮೇಲೆ ಕೂತೆ. ಹಿಂದೆ ಕುರುಚಲು ಗಿಡ, ಅದರ ಹಿಂದೆ ಖಾಲಿ ಗದ್ದೆ. ಮಾತಿಲ್ಲ ಎಂದು ಅವನು ಬರೆದಿದ್ದ. ಮಾತಾಡಲು ಯಾರೂ ಇರಲಿಲ್ಲ. ಬೀಡಿ ಸೇದಬೇಕೆನಿಸಿತು, ಸೇದಲಿಲ್ಲ.

ಹೊತ್ತು ಹೋದ ಹಾಗೆ ಒಂದೊಂದೇ ಕಾಣತೊಡಗಿತು. ಬಿಳಿ ಕೊಕ್ಕರೆ ನನಗೆ ಗೊತ್ತು. ಮಿಂಚುಳ್ಳಿ ಗೊತ್ತು. ಆಮೇಲೆ, ತಾವರೆ ಎಲೆಗಳ ನಡುವೆ, ಕಂಚಿನ ಬಣ್ಣದ ಬೆನ್ನಿನ ಒಂದು ಹಕ್ಕಿ ಬಂತು. ಅದರ ಕಾಲಬೆರಳು ಎಷ್ಟು ಉದ್ದವೆಂದರೆ ನೋಡಿದರೆ ನಗು ಬರಬೇಕು. ಒಂದು ಎಲೆಯ ಮೇಲೆ ಕಾಲಿಟ್ಟು, ಭಾರ ಪೂರ್ತಿ ಬಿಡದೆ, ಎಲೆ ತಾಳುತ್ತದೆಯೋ ಎಂದು ನೋಡಿ, ಆಮೇಲೆ ಇನ್ನೊಂದು ಕಾಲು ಎತ್ತುತ್ತಿತ್ತು. ಕ್ಲಚ್ಚನ್ನು ಹಾಗೆ ಬಿಡಬೇಕು. ಅವನು ಅದಕ್ಕೇ ಹೇಳಿದ್ದ. ನನಗೆ ತಿಳಿಯಿತು. ಅವನು ಸತ್ತ ಮೇಲೆ ನನಗೆ ಅಳು ಬಂದದ್ದು ಆಗಲೇ, ಆ ಕಟ್ಟೆಯ ಮೇಲೆ. ಸದ್ದು ಮಾಡಬಾರದೆಂದು ಬಾಯಿಗೆ ಶಾಲು ಒತ್ತಿಕೊಂಡು ಅತ್ತೆ.

ಎಷ್ಟು ಹೊತ್ತೋ. ಆಗ ಹಿಂದಿನಿಂದ ಎರಡು ವಿಸಿಲ್ ಕೇಳಿತು.

ಒಂದು ಗಿಡ್ಡ, ಒಂದು ಉದ್ದ. ಕೊನೆಯಲ್ಲಿ ಕತ್ತರಿಸಿದ ಹಾಗೆ. ಹತ್ತು ಹನ್ನೆರಡು ಮಾರು ದೂರ ಇರಬಹುದು. ಬಸ್ಸಿನ ಹಿಂಬಾಗಿಲಿಗೂ ನನ್ನ ಸೀಟಿಗೂ ಇರುವ ಅಂತರಕ್ಕಿಂತ ಸ್ವಲ್ಪ ಹೆಚ್ಚು.

ನಾನು ಆಗ ಮಾಡಿದ್ದನ್ನು ಹೇಳಲು ಈಗಲೂ ಕಷ್ಟವಾಗುತ್ತದೆ. ನಾನು ಎದ್ದೆ, ಮುಂದಕ್ಕೆ ನಡೆದೆ. ಹೆದರಿ ಅಲ್ಲ. ರೈಟ್ ಕೇಳಿತು, ಹೊರಟೆ. ಹಿಂದೆ ನೋಡಬೇಕೆಂದು ತಲೆಗೆ ಬರಲೇ ಇಲ್ಲ. ದಂಡೆಯ ಮೇಲೆ ಇಪ್ಪತ್ತು ಹೆಜ್ಜೆಯಾದರೂ ಹಾಗೆ ಹೋಗಿರಬೇಕು. ಬೈನಾಕ್ಯುಲರ್ ಎದೆಗೆ ಬಡಿಯುತ್ತಿತ್ತು. ಅದು ಬಡಿದದ್ದರಿಂದಲೇ ಎಚ್ಚರವಾಯಿತು, ಇದು ಬಸ್ಸಲ್ಲ, ನನ್ನ ಕೈಯಲ್ಲಿ ಸ್ಟೇರಿಂಗ್ ಇಲ್ಲ ಎಂದು. ಆಗ ತಿರುಗಿದೆ. ಕಟ್ಟೆಯ ಮೇಲೆ ಇಡ್ಲಿಯ ಚೀಲ ಇತ್ತು. ಕುರುಚಲು ಅಲುಗುತ್ತಿರಲಿಲ್ಲ. ಗದ್ದೆಯ ಆಚೆ ತುದಿಯವರೆಗೆ ಯಾರೂ ಇಲ್ಲ.

ವಾಚು ನೋಡಿದೆ. ಏಳು ಗಂಟೆ ನಾಲ್ಕು ನಿಮಿಷ. ಅವನು ಬರೆದದ್ದು ಏಳು ಹತ್ತು. ಅದೇ ನಿಮಿಷಕ್ಕೆ ಸರಿಯಾಗಿ ಕೇಳಿದ್ದರೆ ನನ್ನ ಮನಸ್ಸೇ ಕಟ್ಟಿಕೊಂಡದ್ದು ಎಂದು ಬಿಟ್ಟುಬಿಡುತ್ತಿದ್ದೆ.

ನಾನು ಹಾಗೆ ನಿಂತಿರುವಾಗ ಮದಗದ ಎದುರು ಬದಿಯಿಂದ ಒಬ್ಬ ಹೆಂಗಸು ಸೀರೆ ಎತ್ತಿಕಟ್ಟಿಕೊಂಡು ಬೇಗ ಬೇಗ ಬಂದಳು. ಕೈ ಒದ್ದೆ, ತೋಳಿಗೆ ಸೋಪಿನ ನೊರೆ ಹತ್ತಿತ್ತು. ಕೆಂಪುಕಲ್ಲು ಕಡಿಯುವ ಕೋರೆಗೆ ಕೆಲಸಕ್ಕೆ ಬಂದ ಬಯಲುಸೀಮೆಯವರ ಶೆಡ್ಡು ಆಚೆ ಇದೆಯೆಂದು ಆಮೇಲೆ ತಿಳಿಯಿತು.

"ಯಣ್ಣಾ, ಬಸ್ಸು ಹೋತೇನ್ರೀ?" ಎಂದಳು.

"ಎಂತ ಬಸ್ಸು? ಇಲ್ಲಿ ಬಸ್ಸು ಬರುವ ದಾರಿಯೇ ಇಲ್ಲವಲ್ಲ."

"ಮತ್ತ ಕಂಡಕ್ಟರ್ ಸೀಟಿ ಹೊಡದಂಗಾತಲ್ರೀ ಈಗ? ನಮ್ಮ ಮನ್ಯಾವ್ರು ಕಾರ್ಕಳಕ್ಕ ಹೋಗಬೇಕು. ಇಲ್ಲೀತನಕ ಬಸ್ಸು ಬಿಟ್ಟಾರೇನೋ ಅಂತ ಅರಿವಿ ಅಲ್ಲೇ ಒಗದು ಓಡಿ ಬಂದೆ ನೋಡ್ರಿ."

"ಹಕ್ಕಿ ಇರಬೇಕು" ಎಂದೆ. ಯಾಕೆ ಹಾಗೆ ಹೇಳಿದೆನೋ.

ಅವಳು ನನ್ನನ್ನೂ ನನ್ನ ಬೈನಾಕ್ಯುಲರನ್ನೂ ನೋಡಿ ನಕ್ಕಳು. "ನಿಮ್ಮೂರಾಗ ಹಕ್ಕಿ ರೈಟೂ ಕೊಡ್ತಾವೇನ್ರೀ?" ಎಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದ ದಾರಿಯಲ್ಲೇ ಹೋದಳು. ನಾನು ಅವಳನ್ನು ನಿಲ್ಲಿಸಲಿಲ್ಲ. ಕಾರ್ಕಳಕ್ಕೂ ಹೋಗಲಿಲ್ಲ, ಕಾಪುವಿನ ಕಡಲಿಗೂ ಹೋಗಲಿಲ್ಲ. ಉಚ್ಚಿಲಕ್ಕೆ ಬಂದು ಉಡುಪಿಯ ಬಸ್ಸು ಹತ್ತಿದೆ.

ಮನೆಗೆ ಬಂದು ಸುಮತಿಗೆ ಹಕ್ಕಿಯ ಸಂಗತಿ ಹೇಳಿದೆ, ಅದು ಕಾಲಿಡುವುದನ್ನು ಕೈಬೆರಳಿನಲ್ಲಿ ತೋರಿಸಿದೆ. ವಿಸಿಲಿನ ಸಂಗತಿ ಹೇಳಲಿಲ್ಲ. ಬೈನಾಕ್ಯುಲರ್ ಹಿಂದೆ ಕೊಡುವಾಗ ಮಾಸ್ಟ್ರಿಗೆ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಸಿಳ್ಳೆ ಬಾತು ಎಂಬ ಹಕ್ಕಿ ಉಂಟು, ಹಾರುವಾಗ ಎರಡು ಸ್ವರದಲ್ಲಿ ಸಿಳ್ಳೆ ಹಾಕುತ್ತದೆ, ಅದಾಗಿರಬಹುದು ಎಂದರು. ನಾನು ಆಮೇಲೆ ಕಾರ್ಕಳದ ಕೆರೆಯಲ್ಲಿ ಆ ಬಾತುಗಳನ್ನು ಹುಡುಕಿ, ಬೇಕೆಂದೇ ಕೂತು ಕೇಳಿದೆ. ಅದು ಬೇರೆ ಸದ್ದು. ಉಸಿರು ಕಟ್ಟಿದವರು ಕೀಚಲು ದನಿ ತೆಗೆದ ಹಾಗೆ. ಆದರೆ ನನ್ನ ಕಿವಿಯ ಮಾತನ್ನು ನಾನು ಯಾವ ಮುಖದಿಂದ ಹೇಳಲಿ?

ನನಗೆ ಹೆದರಿಕೆ ಇದ್ದದ್ದು ದೆವ್ವದ್ದಲ್ಲ. ಮದಗದ ಬಳಿ ಯಾರೂ ಊದದ ವಿಸಿಲ್ ನನಗೆ ಅಷ್ಟು ಸ್ಪಷ್ಟವಾಗಿ ಕೇಳಬಹುದಾದರೆ, ಕಾಪುವಿನಲ್ಲಿ ಕೇಳಿದ್ದು ಕೂಡ ಹಾಗೇ ಇರಬಹುದಲ್ಲ? ಪಕ್ಕದ ಬಸ್ಸಿನ ಸದ್ದನ್ನು ನನ್ನ ಕಿವಿ ಅಭ್ಯಾಸದಿಂದ ಶೇಖರನದ್ದಾಗಿ ಮಾಡಿಕೊಂಡಿರಬಹುದಲ್ಲ? ಹಾಗಾದರೆ ಅವನನ್ನು ಬೀಳಿಸಿದವನು ನಾನೇ, ಸುಮತಿಗೆ ಹೇಳಿದ್ದು ಸುಳ್ಳು. ಆದರೆ ಆ ಹೆಂಗಸಿಗೂ ಕೇಳಿತ್ತು. ಅವಳಿಗೆ ಶೇಖರ ಯಾರು, ನಾನು ಯಾರು? ರಾತ್ರಿ ಮಗ್ಗುಲು ಬದಲಿಸುವಾಗ ಇಷ್ಟನ್ನೇ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹಾಕಿ ನೋಡುತ್ತಿದ್ದೆ.

ಕೇಸು ಮುಗಿದು ಲೈಸೆನ್ಸ್ ಕೈಗೆ ಬಂತು. ನಾನು ಮತ್ತೆ ಬಸ್ಸು ಬಿಡಲಿಲ್ಲ. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನು ಎತ್ತಿಡುವ ಕೆಲಸಕ್ಕೆ ಸೇರಿದೆ. ಒಂದು ವರ್ಷ ಕಳೆದು, ಶೇಖರನ ವರ್ಷಾಂತಿಕದ ಕಾರ್ಯ ಮುಗಿದ ಸಂಜೆ, ಸುಮತಿಗೆ ಎಲ್ಲ ಹೇಳಿದೆ. ಕಾಪುವಿನ ಸಂಜೆಯನ್ನು, ನನ್ನ ಸಂಶಯವನ್ನು, ಮದಗದ ವಿಸಿಲನ್ನು, ಅದನ್ನು ಕೇಳಿ ಓಡಿಬಂದ ಹೆಂಗಸನ್ನು. ಅವಳು ಎದ್ದು ಹೋಗುತ್ತಾಳೆಂದುಕೊಂಡಿದ್ದೆ. ಹೋಗಲಿಲ್ಲ. ನನ್ನ ಕಡೆಗೆ ತಿರುಗಿ ಕೇಳಿದಳು.

"ಎರಡನೆಯದು ಉದ್ದ ಇತ್ತಾ?"

"ಇತ್ತು."

"ಆ ಹೆಂಗಸಿಗೂ ಹಾಗೇ ಕೇಳಿತ್ತಂತಾ?"

ಅದನ್ನು ನಾನು ಅವಳಲ್ಲಿ ವಿಚಾರಿಸಿರಲಿಲ್ಲ. ಅವಳಿಗೂ ಹಾಗೇ ಕೇಳಿದ್ದರೆ ನನ್ನ ಕಿವಿಯನ್ನು ನಂಬಬಹುದಿತ್ತು, ಕಾಪುವಿನಲ್ಲಿ ಕೇಳಿದ್ದನ್ನೂ.

ಮರುದಿನ ಬೆಳಿಗ್ಗೆ ಇಬ್ಬರೂ ಎಲ್ಲೂರಿಗೆ ಹೋದೆವು. ಶೆಡ್ಡು ಇರಲಿಲ್ಲ. ಕೋರೆಯಲ್ಲಿ ನೀರು ತುಂಬಿತ್ತು. ಕೆಲಸದವರೆಲ್ಲ ಕಾರ್ಕಳದ ಕಡೆ ಹೋದರು ಎಂದು ಒಬ್ಬರು, ಊರಿಗೇ ಹೋದರು ಎಂದು ಇನ್ನೊಬ್ಬರು ಹೇಳಿದರು. ಕಾರ್ಕಳದಲ್ಲಿ ಮೂರು ಕೋರೆಗಳಲ್ಲಿ ವಿಚಾರಿಸಿದೆವು. ಯಾರನ್ನು ಎಂದು ಕೇಳಿದರೆ ಹೇಳಲು ನನ್ನಲ್ಲಿ ಹೆಸರಿರಲಿಲ್ಲ. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಕೆಲಸಕ್ಕೆ ಕಾದು ನಿಂತ ಬಯಲುಸೀಮೆಯ ಹೆಂಗಸರ ಮುಖವನ್ನು ನಾನು ಈಗಲೂ ಒಂದೊಂದಾಗಿ ನೋಡುತ್ತೇನೆ. ಕೆಲವರು ಬೈದದ್ದೂ ಉಂಟು. ಸುಮತಿ ಈಗ ಏನೂ ಕೇಳುವುದಿಲ್ಲ. ನಾನು ಸಂಜೆ ಮನೆಗೆ ಬಂದಾಗ ಒಮ್ಮೆ ಮುಖ ನೋಡುತ್ತಾಳೆ, ನಾನು ಇಲ್ಲವೆಂದು ತಲೆಯಾಡಿಸುತ್ತೇನೆ.

ಆ ಹೆಂಗಸು ಇನ್ನೂ ಸಿಕ್ಕಿಲ್ಲ.